ಹನ್ನೆರಡು ಹೆಜ್ಜೆಯಲ್ಲಿ ಬೆಳೆದ ಹುಡುಗಿ

ಆ ಮನೆಯ ಇಬ್ಬರು ಸೊಸೆಯರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಮಾತು ಬಿಟ್ಟರು ಅಂದರೆ ನಾಲ್ಕು ದಿನ ಮುಖ ಊದಿಸಿಕೊಂಡು ಓಡಾಡಿ ಐದನೇ ದಿನ ಸರಿಹೋದರು ಎಂದಲ್ಲ. ಒಂದೇ ಸೂರಿನಡಿ ಮಲಗಿ ಏಳುತ್ತ, ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಣ್ಣುತ್ತ, ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ, ಒಬ್ಬಳ ಮುಂದೆ ಇನ್ನೊಬ್ಬಳು ತುಟಿ ಪಿಟಕ್ಕೆನ್ನದೆ ಏಳುನೂರು ಚಿಲ್ಲರೆ ದಿನ ಕಳೆದಿದ್ದರು. ಇಂಥ ಸಾಧನೆಗೆ ಹಠ ಬೇಕು, ಅದು ಇಬ್ಬರಲ್ಲೂ ಧಾರಾಳವಾಗಿತ್ತು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂಬ ಗಾದೆ ಕಟ್ಟಿದವನು ಗಂಡಸೇ ಇರಬೇಕು. ಆದರೆ ಅದನ್ನು ಸುಳ್ಳು ಮಾಡುವ ತೊಂದರೆಯನ್ನು ಇವರಿಬ್ಬರೂ ತೆಗೆದುಕೊಳ್ಳಲಿಲ್ಲ.

ದೊಡ್ಡ ಸೊಸೆ ಆಸ್ಪತ್ರೆಯ ಲ್ಯಾಬಿನವಳು. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ಅವಳ ಕೆಲಸ. ಹದಿನೆಂಟು ವರ್ಷ ಪಳಗಿದ ಕೈ, ಎಷ್ಟೇ ಒಳಗೆ ಅಡಗಿದ ನರವಾದರೂ ಬೆರಳ ತುದಿಗೆ ಸಿಕ್ಕೇ ಸಿಗುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ. ಚಿಕ್ಕ ಸೊಸೆ ಅದೇ ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ಕೋಣೆಯ ನರ್ಸು. ಅವಳಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ವಯಸ್ಸಿಗೆ ತಕ್ಕ ಹಾಗೆ ಬೆಳೆಯಲಿಲ್ಲವೆಂದು ಮನೆಮಂದಿಯೆಲ್ಲ ಅವಳನ್ನು ಚೋಟು ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಎತ್ತರದ ಪ್ರಕಾರ ಸಾಲು ನಿಲ್ಲಿಸಿದರೆ ಅವಳದು ಯಾವತ್ತೂ ಮೊದಲನೇ ಜಾಗ. ಆ ಮೊದಲನೇ ಜಾಗವನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಜಗಳ ಹುಟ್ಟಿದ್ದೂ ಚೋಟುವಿನಿಂದಲೇ. ಎರಡು ವರ್ಷದ ಹಿಂದೆ ಮಗುವಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು, ಮೂರು ದಿನ ಇದ್ದು ಹೋಗುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ದೊಡ್ಡ ಸೊಸೆ, "ಸುಮ್ನೆ ಜ್ವರದ ಸಿರಪ್ ಕುಡಿಸ್ತಾ ಇರಬೇಡ. ಮೂತ್ರ ಒಂದ್ಸಲ ಟೆಸ್ಟ್ ಮಾಡ್ಸು" ಎಂದಳು. ಹೇಳಿದ ದನಿ ಸ್ವಲ್ಪ ಗಟ್ಟಿಯಾಗಿತ್ತು, ಅದನ್ನು ಅವಳೂ ಒಪ್ಪುತ್ತಾಳೆ. ಚಿಕ್ಕ ಸೊಸೆ ತಟ್ಟೆಯಿಂದ ತಲೆ ಎತ್ತದೆ, "ಹೆತ್ತೋಳಿಗೆ ಗೊತ್ತಿಲ್ಲದ್ದು ಹೆರದೆ ಇರೋರಿಗೆ ಹೇಗಕ್ಕ ಗೊತ್ತಾಗತ್ತೆ?" ಎಂದಳು. ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡ ಸೊಸೆ ಕೈ ತೊಳೆದುಕೊಂಡು ಎದ್ದವಳು ಅವತ್ತಿನಿಂದ ಆ ಮುಖ ನೋಡಿ ಒಂದಕ್ಷರ ಆಡಲಿಲ್ಲ. ಮೂತ್ರ ಪರೀಕ್ಷೆಯೂ ಆಗಲಿಲ್ಲ. ಮಾಡಿಸಿದರೆ ಸೋತಂತಾಗುತ್ತದಲ್ಲ.

ಮನೆಯಲ್ಲಿ ಅತ್ತೆಯೇ ಟಪಾಲಿನವಳಾದಳು. "ಅವಳಿಗೆ ಹೇಳಿ", "ಅವರಿಗೆ ಹೇಳಿ" ಎಂಬ ಎರಡು ಮಾತಿನ ನಡುವೆ ಮುದುಕಿ ಸವೆದುಹೋದಳು. ಅಣ್ಣತಮ್ಮಂದಿರು ಜಾಣರು, ಟಿವಿಯ ಸದ್ದು ಎರಡು ಗೆರೆ ಜಾಸ್ತಿ ಮಾಡಿಕೊಂಡು ಕೂತರು. ಚೋಟು ಮಾತ್ರ ಎರಡೂ ಕೋಣೆಗೆ ಹೋಗುತ್ತಿದ್ದಳು. ದೊಡ್ಡಮ್ಮನ ಹಾಸಿಗೆಯ ಮೇಲೆ ಬಿದ್ದುಕೊಂಡು ಬಣ್ಣ ಹಚ್ಚುತ್ತಿದ್ದಳು, ಶಾಲೆಯಲ್ಲಿ ಯಾರು ಯಾರಿಗೆ ಹೊಡೆದರು ಎಂದು ವರದಿ ಒಪ್ಪಿಸುತ್ತಿದ್ದಳು. ದೊಡ್ಡ ಸೊಸೆಗೆ ಆ ಮಗು ಅಂದರೆ ಜೀವ. ಅವಳ ತಾಯಿಯ ಮೇಲಿನ ಸಿಟ್ಟೂ ಅಷ್ಟೇ ಜೀವಂತವಾಗಿತ್ತು.

ಹೀಗಿರುವಾಗ ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ಒಂದು ಅಧ್ಯಯನ ಮಾಡುವ ಹುಮ್ಮಸ್ಸು ಬಂತು. ಕಾಯಿಲೆಯ ಮಕ್ಕಳ ಕಿಡ್ನಿಯನ್ನು ಎಲ್ಲರೂ ಅಳೆಯುತ್ತಾರೆ, ಆದರೆ ನೆಟ್ಟಗಿರುವ ಮಕ್ಕಳ ಕಿಡ್ನಿ ಎಷ್ಟು ಕೆಲಸ ಮಾಡುತ್ತದೆ ಎಂದು ಗೊತ್ತಿಲ್ಲದಿದ್ದರೆ ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳುವುದು ಹೇಗೆ ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು. ಪಕ್ಕದ ಶಾಲೆಯ ನಾನೂರು ಮಕ್ಕಳನ್ನು ಆರಿಸಿದರು.

ಲೆಕ್ಕ ಸುಲಭದ್ದು. ಮೈಯ ಮಾಂಸಖಂಡಗಳು ದಿನವೂ ಕ್ರಿಯಾಟಿನಿನ್ ಎಂಬ ಕಸವನ್ನು ರಕ್ತಕ್ಕೆ ಬಿಡುತ್ತವೆ, ಕಿಡ್ನಿ ಅದನ್ನು ಗುಡಿಸಿ ಹೊರಗೆ ಹಾಕುತ್ತದೆ. ದೊಡ್ಡ ಮೈಯ ಮಗುವಿನಲ್ಲಿ ಕಸ ಹೆಚ್ಚು, ಸಣ್ಣ ಮೈಯದರಲ್ಲಿ ಕಡಿಮೆ. ಸಣ್ಣ ಮಗುವಿನ ರಕ್ತದಲ್ಲಿ ದೊಡ್ಡ ಮಗುವಿನಷ್ಟು ಕಸ ಉಳಿದಿದ್ದರೆ ಗುಡಿಸುವವನು ಸೋಮಾರಿಯಾಗಿದ್ದಾನೆ ಎಂದರ್ಥ. ಅದಕ್ಕೇ ಮಗುವಿನ ಎತ್ತರವನ್ನು ಒಂದು ಗೊತ್ತಾದ ಅಂಕೆಯಿಂದ ಗುಣಿಸಿ, ರಕ್ತದಲ್ಲಿರುವ ಕಸದಿಂದ ಭಾಗಿಸುತ್ತಾರೆ. ಬಂದ ಉತ್ತರ ತೊಂಬತ್ತಕ್ಕಿಂತ ಮೇಲಿದ್ದರೆ ಡಾಕ್ಟರರ ಪ್ರಕಾರ ಮಗು ಆರೋಗ್ಯವಾಗಿದೆ. ಎತ್ತರ ತಪ್ಪಿದರೆ ರಕ್ತ ತೆಗೆದದ್ದೆಲ್ಲ ದಂಡ.

"ಅಳೆಯೋರು ಜೋರಾಗಿ ಕೂಗಿ ಹೇಳಬೇಕು. ಬರೆಯೋರು ಅದನ್ನೇ ವಾಪಸ್ ಹೇಳಬೇಕು. ಅವರು ಹೌದು ಅಂದ ಮೇಲೆ ಬರೀಬೇಕು" ಎಂದು ಡಾಕ್ಟರು ಮೂರು ಸಲ ಹೇಳಿ, ಅಳೆಯಲು ಚಿಕ್ಕ ಸೊಸೆಯನ್ನೂ, ಬರೆದುಕೊಂಡು ರಕ್ತ ತೆಗೆಯಲು ದೊಡ್ಡ ಸೊಸೆಯನ್ನೂ ಹಾಕಿದರು. ಒಂದೇ ಮನೆಯವರು, ಹೊಂದಿಕೊಂಡು ಮಾಡುತ್ತಾರೆ ಎಂದು ನಗುತ್ತ ಹೇಳಿದರಂತೆ. ಓದಿದವರಿಗೆ ಲೋಕಜ್ಞಾನ ಕಡಿಮೆ ಎನ್ನುವುದು ಸುಮ್ಮನೆ ಅಲ್ಲ.

ಶಾಲೆಯ ಚಿತ್ರಕಲೆಯ ಕೋಣೆಯನ್ನು ಖಾಲಿ ಮಾಡಿ ಕೊಟ್ಟಿದ್ದರು. ಗೋಡೆಗೆ ಒಣಗಿದ ಬಣ್ಣ ಮೆತ್ತಿಕೊಂಡಿತ್ತು. ಬಾಗಿಲ ಹತ್ತಿರ ಎತ್ತರ ಅಳೆಯುವ ಮರದ ಹಲಗೆ, ತಲೆಯ ಮೇಲೆ ಇಳಿಸುವ ಜಾರುಪಟ್ಟಿ. ಕಿಟಕಿಯ ಹತ್ತಿರ ರಕ್ತ ತೆಗೆಯುವ ಮೇಜು. ನಡುವೆ ಮಕ್ಕಳ ಕಾಲಲ್ಲಿ ಹನ್ನೆರಡು ಹೆಜ್ಜೆ. ಮೊದಲ ದಿನ ಚಿಕ್ಕ ಸೊಸೆ ಅಂಕೆಯನ್ನು ಗೋಡೆಗೆ ಹೇಳುವಂತೆ ಕೂಗಿದಳು. ದೊಡ್ಡ ಸೊಸೆ ವಾಪಸ್ ಹೇಳಲಿಲ್ಲ, ಸುಮ್ಮನೆ ಬರೆದುಕೊಂಡಳು. ಹತ್ತು ಮಕ್ಕಳಾಗುವಷ್ಟರಲ್ಲಿ ಚಿಕ್ಕ ಸೊಸೆಗೆ ರೇಗಿತು. ಕಿವುಡರ ಮುಂದೆ ನಾನೇಕೆ ಗಂಟಲು ಹರಿದುಕೊಳ್ಳಲಿ ಎಂದುಕೊಂಡು, ಪಟ್ಟಿ ಇಳಿಸಿ, ಅಂಕೆಯನ್ನು ಮಗುವಿನ ಕಿವಿಯಲ್ಲೇ ಹೇಳಿ, "ಹೋಗು, ಆ ಮೇಜಿನ ಹತ್ರ ಕೂತಿದಾರಲ್ಲ, ಅವರಿಗೆ ಹೇಳು" ಎಂದು ಕಳಿಸತೊಡಗಿದಳು.

ಲೋಕದಲ್ಲಿ ಎಲ್ಲಿಯೂ ಇಂಥ ಅಳತೆ ನಡೆದಿರಲಾರದು. ಆರು ವರ್ಷದವರು ದಾರಿಯಲ್ಲೇ ಅಂಕೆ ಮರೆತು ತಮ್ಮ ಕ್ರಮಸಂಖ್ಯೆ ಹೇಳಿದರು. ದೊಡ್ಡ ಮಕ್ಕಳು ಮರೆಯಲಿಲ್ಲ, ಬೆಳೆದರು. ನೂರ ಮೂವತ್ತರಲ್ಲಿ ಹೊರಟವನು ಹನ್ನೆರಡು ಹೆಜ್ಜೆ ನಡೆಯುವಷ್ಟರಲ್ಲಿ ನೂರ ಮೂವತ್ತೇಳಾಗಿ ಬರುತ್ತಿದ್ದ. ಹಿಂದಿನವನು ಅದನ್ನು ಕೇಳಿಸಿಕೊಂಡು ತಾನು ಇನ್ನೆರಡು ಸೇರಿಸುತ್ತಿದ್ದ. ದೊಡ್ಡ ಸೊಸೆಗೆ ಇದು ಗೊತ್ತಾಗಲಿಲ್ಲವೆಂದಲ್ಲ. ಮಧ್ಯಾಹ್ನದೊಳಗೇ ಗೊತ್ತಾಗಿತ್ತು. ನಾನು ಬರೆಯುವವಳು, ಅಳೆಯುವವಳಲ್ಲ, ತಪ್ಪು ಬಂದರೆ ಅಳೆದವಳ ತಲೆಗೆ ಎಂದುಕೊಂಡು ಒಂದು ಬಗೆಯ ತೃಪ್ತಿಯಿಂದಲೇ ಬರೆದಳು.

ಮೂರನೇ ದಿನ ಚೋಟುವಿನ ತರಗತಿ ಬಂತು. ಸಾಲಿನಲ್ಲಿ ಎಂದಿನಂತೆ ಅವಳೇ ಮೊದಲು. ತಾಯಿ ಅವಳ ಹಿಮ್ಮಡಿಯನ್ನು ಹಲಗೆಗೆ ತಾಗಿಸಿ ನಿಲ್ಲಿಸಿ, ಪಟ್ಟಿ ಇಳಿಸಿ, ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಹನ್ನೆರಡು ಹೆಜ್ಜೆಯನ್ನು ಎದೆ ಸೆಟೆಸಿಕೊಂಡು ನಡೆದು ಬಂದು, ಹಿಂದಿನವರಿಗೆಲ್ಲ ಕೇಳುವಂತೆ, "ನೂರ ನಲವತ್ತೆರಡು" ಎಂದಳು.

ದೊಡ್ಡ ಸೊಸೆಯ ಪೆನ್ನು ನಿಂತಿತು. ಮನೆಯ ಹಾಲಿನ ದೀಪದ ಸ್ವಿಚ್ಚು ಹಾಕಲು ತುದಿಗಾಲಲ್ಲಿ ನಿಲ್ಲುವ ಹುಡುಗಿ ಇದು. ಎರಡು ವರ್ಷದ ಹಿಂದೆ ತಾನೇ ಕೊಡಿಸಿದ ಫ್ರಾಕು ಇವತ್ತಿಗೂ ಮೊಣಕಾಲು ಮುಚ್ಚುತ್ತದೆ. ಇದು ನೂರ ನಲವತ್ತೆರಡಾದರೆ ತಾನು ಎರಡಾಳುದ್ದ. ಸುಳ್ಳೆಂದು ತಿಳಿಯಲು ಹಲಗೆಯೂ ಬೇಕಿರಲಿಲ್ಲ. ಅವಳು ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಚಿಕ್ಕ ಸೊಸೆ ಅಲ್ಲಿಂದ ನೆಟ್ಟ ಕಣ್ಣಿನಿಂದ ಇತ್ತಲೇ ನೋಡುತ್ತಿದ್ದಳು, ಕೇಳು ನೋಡೋಣ ಎಂಬಂತೆ ಗದ್ದ ಮುಂದೆ ಚಾಚಿ. "ಎಷ್ಟು?" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಎರಡು ವರ್ಷದ ಮೇಲೆ ಮೊದಲ ಮಾತಾಗುತ್ತಿತ್ತು, ಮೊದಲು ಆಡಿದವಳು ತಾನಾಗುತ್ತಿದ್ದಳು. ಅದಕ್ಕಿಂತ ಡಾಕ್ಟರು ಈ ಅಂಕೆಯನ್ನು ನೋಡಲಿ, ಸ್ವಂತ ಮಗಳನ್ನೇ ಅಳೆಯಲು ಬಾರದವಳು ಎಂದು ಅವಳಿಗೆ ಎಲ್ಲರೆದುರು ಮಂಗಳಾರತಿ ಎತ್ತಲಿ. ದೊಡ್ಡ ಸೊಸೆ ೧೪೨ ಎಂದು ದುಂಡಗೆ ಬರೆದಳು.

"ಅಳಲ್ಲ ತಾನೆ?"

"ನಾನೇನು ಚಿಕ್ಕೋಳಾ ದೊಡ್ಡಮ್ಮ?" ಎಂದು ಚೋಟು ತೋಳು ಚಾಚಿದಳು. ಅಳಲಿಲ್ಲ.

ರಕ್ತದ ಕೊಳವೆಗಳ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಯಂತ್ರ ಒಂದು ಸಲಕ್ಕೆ ಐವತ್ತು ಕೊಳವೆ ನುಂಗಿ ಅಂಕೆಗಳನ್ನು ಕಂಪ್ಯೂಟರಿಗೆ ಕಕ್ಕುತ್ತಿತ್ತು. ಯಾರದ್ದು ಎಷ್ಟು ಬಂತೆಂದು ಯಾರೂ ನೋಡಲಿಲ್ಲ. ತಿಂಗಳ ಕೊನೆಗೆ ಮಕ್ಕಳಿಗೆಲ್ಲ ಡಾಕ್ಟರರ ಸಹಿಯ ಆರೋಗ್ಯದ ಪತ್ರ ಸಿಕ್ಕಿತು. ಚಿಕ್ಕ ಸೊಸೆ ಮಗಳದನ್ನು ಫ್ರಿಜ್ಜಿನ ಬಾಗಿಲಿಗೆ, ದೊಡ್ಡ ಸೊಸೆ ದಿನಕ್ಕೆ ಹತ್ತು ಸಲ ನೋಡುವ ಜಾಗದಲ್ಲೇ, ಅಂಟಿಸಿದಳು. ಅದು ಯಾರಿಗೆ ಹೇಳಿದ ಮಾತು ಎಂದು ಅತ್ತೆಗೂ ಅರ್ಥವಾಯಿತು.

ಮೂರು ತಿಂಗಳಾದ ಮೇಲೆ ಒಂದು ದಿನ ಡಾಕ್ಟರು ಲ್ಯಾಬಿಗೆ ಬಂದರು. ಕೈಯಲ್ಲಿ ದಪ್ಪ ಕಾಗದದ ಕಂತೆ, ಮುಖದಲ್ಲಿ ಹೆಮ್ಮೆ.

"ನಮ್ಮ ಮಕ್ಕಳು ಪುಸ್ತಕದ ಲೆಕ್ಕಕ್ಕಿಂತ ನಾಲ್ಕು ಸೆಂಟಿಮೀಟರ್ ಎತ್ತರ ಇದಾರೆ, ನೋಡಿದ್ರಾ?" ಎಂದರು.

ದೊಡ್ಡ ಸೊಸೆ ಬಂದ ನಗುವನ್ನು ನುಂಗಿಕೊಂಡಳು. ಇವತ್ತು ಅವಳಿಗೆ ಇದೆ ಎಂದುಕೊಂಡಳು. ಆದರೆ ಡಾಕ್ಟರಿಗೆ ಅನುಮಾನ ಬಂದಿರಲಿಲ್ಲ. ಅವರು ಹಾಳೆ ಮಗುಚುತ್ತ, "ಒಂದೇ ಒಂದು ಕೇಸ್ ಸ್ವಲ್ಪ ಯೋಚನೆ ಆಗಿತ್ತು. ಒಂಬತ್ತು ವರ್ಷದ ಹುಡುಗಿ, ಕ್ರಿಯಾಟಿನಿನ್ ಸೊನ್ನೆ ಪಾಯಿಂಟ್ ಆರು ಐದು. ಆ ವಯಸ್ಸಿಗೆ ಜಾಸ್ತೀನೇ. ಆದ್ರೆ ಉದ್ದ ಹುಡುಗಿ, ನೂರ ನಲವತ್ತೆರಡು. ಹಾಗಾಗಿ ತೊಂಬತ್ತು ದಾಟ್ತು, ಪಾಸು" ಎಂದು ನಕ್ಕು ಹೊರಟುಹೋದರು.

ಅದು ಚೋಟು ಎಂದು ದೊಡ್ಡ ಸೊಸೆಗೆ ತಕ್ಷಣ ಹೊಳೆಯಿತು. ಅವಳು ಕ್ಯಾಲ್ಕುಲೇಟರ್ ಎಳೆದುಕೊಂಡಳು. ಚೋಟುವಿನ ನಿಜವಾದ ಎತ್ತರ ಅವಳಿಗೆ ಗೊತ್ತಿರಲಿಲ್ಲ, ಕಣ್ಣಳತೆಯಲ್ಲಿ ನೂರ ಹದಿನಾರೋ ಹದಿನೇಳೋ. ನೂರ ಹದಿನಾರು ಹಾಕಿದಳು. ಉತ್ತರ ಎಪ್ಪತ್ನಾಲ್ಕು ಬಂತು. ಅಳಿಸಿ ಮತ್ತೆ ಹಾಕಿದಳು. ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ, ಮತ್ತೆ ಎಪ್ಪತ್ನಾಲ್ಕೇ ತೋರಿಸಿತು. ಆಗ ಒಂದೊಂದೇ ಕಣ್ಣಿಗೆ ಬಂದವು. ಮೇಲಿಂದ ಮೇಲೆ ಬರುವ ಜ್ವರ, ಎರಡು ವರ್ಷವಾದರೂ ಚಿಕ್ಕದಾಗದ ಫ್ರಾಕು. ಕಿಡ್ನಿ ಸೋತ ಮಗು ಬೆಳೆಯುವುದಿಲ್ಲ ಎನ್ನುವುದನ್ನು ಹದಿನೆಂಟು ವರ್ಷ ಲ್ಯಾಬಿನಲ್ಲಿದ್ದವಳು ಯಾರಿಂದಲೂ ಕಲಿಯಬೇಕಿರಲಿಲ್ಲ. ಆ ಮಗುವಿನ ಗಿಡ್ಡತನವೇ ರೋಗದ ಗುರುತಾಗಿತ್ತು, ತಾನು ಆ ಗುರುತನ್ನೇ ಪೆನ್ನಿನಿಂದ ಒರೆಸಿ ಹಾಕಿದ್ದಳು. ಮೂರು ತಿಂಗಳು ಹಾಗೇ ಕಳೆದಿತ್ತು.

ಆದರೂ ನೋಡಿ, ಹಠ ಎನ್ನುವುದು ಎಂಥ ಗಟ್ಟಿ ಪಿಂಡ. ಸಂಜೆ ಮನೆಗೆ ಹೋದವಳು ಅತ್ತೆಯ ಹತ್ತಿರವೇ ನಿಂತಳು. "ಅತ್ತೆ, ಅವಳಿಗೆ ಹೇಳಿ. ಚೋಟೂಗೆ ಇನ್ನೊಂದ್ಸಲ ರಕ್ತ ತೆಗೀಬೇಕು, ಮೂತ್ರ ಪರೀಕ್ಷೆನೂ ಆಗ್ಬೇಕು."

ಚಿಕ್ಕ ಸೊಸೆ ಐದು ಮಾರು ದೂರದಲ್ಲಿ ಪಾತ್ರೆ ಒರೆಸುತ್ತಿದ್ದಳು. ಅವಳೂ ಅತ್ತೆಗೇ ಹೇಳಿದಳು. "ಡಾಕ್ಟ್ರು ಚೆನ್ನಾಗಿದಾಳೆ ಅಂತ ಬರೆದು ಕೊಟ್ಟಿದಾರೆ, ಫ್ರಿಜ್ ಮೇಲೆ ಅಂಟಿಸಿದೀನಿ, ಓದೋಕೆ ಬಂದ್ರೆ ಓದ್ಕೊಳ್ಳಲಿ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅತ್ತೆ."

ಅತ್ತೆ ಇಬ್ಬರನ್ನೂ ನೋಡಿದಳು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ನಮ್ಮನೇಲಿ ಅದಕ್ಕೂ ನೀವಿಬ್ರೇ ಆಗ್ಬೇಕಾಯ್ತು" ಎಂದು ಗೊಣಗಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ದೊಡ್ಡ ಸೊಸೆ ಲಸಿಕೆ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಬೆಂಚಿನ ತುಂಬ ತಾಯಂದಿರು, ಮಡಿಲ ತುಂಬ ಅಳುವ ಕೂಸುಗಳು. ಚಿಕ್ಕ ಸೊಸೆ ಒಂದು ಕೂಸಿನ ತೊಡೆಗೆ ಸೂಜಿ ಹಾಕಲು ಬಗ್ಗಿದ್ದಳು.

"ನಿನ್ನ ಹತ್ರ ಮಾತಾಡ್ಬೇಕು."

ಚಿಕ್ಕ ಸೊಸೆ ತಲೆ ಎತ್ತಿ, ತನ್ನ ಹಿಂದೆ ಯಾರಿದ್ದಾರೆಂದು ಒಮ್ಮೆ ತಿರುಗಿ ನೋಡಿದಳು. ಹಿಂದೆ ಗೋಡೆ ಮಾತ್ರ ಇತ್ತು. ಅವಳು ಸೂಜಿ ಹಾಕಿ, ಹತ್ತಿ ಒತ್ತಿ, ಕೂಸನ್ನು ತಾಯಿಗೆ ಕೊಟ್ಟು, ಆಮೇಲೆ ನಿಧಾನವಾಗಿ, "ಹೇಳಿ" ಎಂದಳು.

"ಅವತ್ತು ಚೋಟು ಎತ್ತರ ಎಷ್ಟು ಬಂತು?"

"ನೂರ ಹದಿನಾರು. ಹೇಳಿ ಕಳಿಸಿದ್ನಲ್ಲ, ಯಾಕೆ?"

"ನನ್ನ ಹಾಳೇಲಿ ನೂರ ನಲವತ್ತೆರಡು ಇದೆ."

ಚಿಕ್ಕ ಸೊಸೆಗೂ ಲೆಕ್ಕ ಗೊತ್ತಿತ್ತು. ಅದೇ ಆಸ್ಪತ್ರೆಯ ನರ್ಸು ಅವಳು, ಡಾಕ್ಟರು ಮೂರು ಸಲ ಹೇಳಿದ್ದನ್ನು ಕೇಳಿದವಳು. "ಸರಿಯಾದದ್ದು ಹಾಕಿದ್ರೆ ಎಷ್ಟು ಬರತ್ತೆ?"

"ಎಪ್ಪತ್ನಾಲ್ಕು."

"ಅವಳು ಮಗು, ಸುಳ್ಳು ಹೇಳಿದ್ಲು. ನೀವು? ಅವಳು ನಿಮ್ಮ ಮುಂದೆ ನಿಂತಿದ್ಲಲ್ಲ. ಕಣ್ಣು ಮುಚ್ಕೊಂಡು ಬರೆದ್ರಾ?"

ಇಲ್ಲಿ ಒಂದು ಸುಳ್ಳು ಹೇಳಲು ಜಾಗವಿತ್ತು. ನಾನೂರು ಮಕ್ಕಳು, ಗದ್ದಲ, ಗಮನಿಸಲಿಲ್ಲ ಎಂದರೆ ಯಾರೂ ಬೇರೆ ಮಾತಾಡುತ್ತಿರಲಿಲ್ಲ. ದೊಡ್ಡ ಸೊಸೆಗೆ ಅದು ಬಾಯಿಯವರೆಗೂ ಬಂತು.

"ತೆರ್ಕೊಂಡೇ ಬರೆದೆ" ಎಂದಳು. "ನಿನಗೆ ಬೈಗುಳ ಬೀಳಲಿ ಅಂತ ಬರೆದೆ."

ಬೆಂಚಿನ ಮೇಲಿನ ತಾಯಂದಿರು ಕೂಸುಗಳನ್ನು ಸಮಾಧಾನ ಮಾಡುವುದನ್ನೂ ಮರೆತು ನೋಡುತ್ತಿದ್ದರು. ಚಿಕ್ಕ ಸೊಸೆ ಕೈಗವಸು ಕಳಚಿ ಡಬ್ಬಿಗೆ ಎಸೆದಳು. "ನಾಳೆ ಕರ್ಕೊಂಡ್ ಬರ್ತೀನಿ. ರಕ್ತ ಬೇರೆ ಯಾರಾದ್ರೂ ತೆಗೀಲಿ. ನಿಮ್ಮ ಕೈ ಅವಳ ಮೈ ಮುಟ್ಟೋದು ಬೇಡ."

"ಎತ್ತರದ ವಿಷಯಕ್ಕೆ ಅವಳಿಗೆ ಬೈಬೇಡ."

"ಮಗೂಗೆ ಬೈಯೋಕೆ ನಂಗೇನು ತಲೆ ಕೆಟ್ಟಿದೆಯಾ?" ಎಂದು ಅವಳು ಮುಂದಿನ ಕೂಸನ್ನು ಕರೆದಳು.

ಡಾಕ್ಟರರ ಹತ್ತಿರ ದೊಡ್ಡ ಸೊಸೆ ತಾನೇ ಹೋಗಿ ಎಲ್ಲ ಹೇಳಿದಳು. ನಾನೂರು ಮಕ್ಕಳ ಕೆಲಸ ನೀರುಪಾಲಾಯಿತೆಂದು ಅವರು ಕಂತೆಯನ್ನು ಮೇಜಿನ ಮೇಲೆ ಕುಕ್ಕಿ, ಬಾಗಿಲ ಹೊರಗಿದ್ದ ರೋಗಿಗಳಿಗೂ ಕೇಳುವಂತೆ ಬೈದರು. ಅವಳು ನಿಂತು ಕೇಳಿದಳು. ಬೈಗುಳ ತಪ್ಪಾಗಿರಲಿಲ್ಲ.

ನಾಲ್ಕು ದಿನಗಳಲ್ಲಿ ಚೋಟುವಿನ ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಆಯಿತು. ಡಾಕ್ಟರು ಇಬ್ಬರನ್ನೂ ಒಳಗೆ ಕೂರಿಸಿಕೊಂಡರು. ಚೋಟು ಹೊರಗೆ ತೂಕದ ಯಂತ್ರವನ್ನು ಹತ್ತಿ ಇಳಿಯುತ್ತಿದ್ದಳು. ಸ್ಕ್ಯಾನಿನ ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟು ಅವರು ಹೇಳಿದರು. ಮೂತ್ರಚೀಲದಿಂದ ಕೆಳಗೆ ಹೋಗಬೇಕಾದ ಮೂತ್ರ ಮೇಲಕ್ಕೆ, ಕಿಡ್ನಿಯ ಕಡೆಗೆ, ಹಿಮ್ಮುಖವಾಗಿ ಹೋಗುತ್ತಿದೆ. ಪ್ರತಿ ಸಲ ಸೋಂಕಾದಾಗಲೂ ಕಿಡ್ನಿಗೆ ಒಂದೊಂದು ಗಾಯ. ಬಲಗಡೆಯದು ಸುರುಟಿದೆ, ಎಡಗಡೆಯದು ಇನ್ನೂ ಪರವಾಗಿಲ್ಲ. ಔಷಧ ಶುರು ಮಾಡೋಣ, ಆಪರೇಷನ್ ಬೇಕಾಗಬಹುದು, ಇರುವುದನ್ನು ಉಳಿಸಿಕೊಳ್ಳಬಹುದು. ಹೋದದ್ದು ವಾಪಸ್ ಬರುವುದಿಲ್ಲ.

"ಈ ಮೂರು ತಿಂಗಳಲ್ಲಿ ಜ್ವರ ಬಂದಿತ್ತಾ?"

"ಎರಡು ಸಲ" ಎಂದಳು ಚಿಕ್ಕ ಸೊಸೆ.

"ಮೊದಲು ಶುರುವಾಗಿದ್ದು?"

"ಎರಡು ವರ್ಷ ಆಯ್ತು."

"ಎರಡು ವರ್ಷ!" ಡಾಕ್ಟರು ಪೆನ್ನು ಇಟ್ಟರು. "ತಾಯಿ ನರ್ಸು, ದೊಡ್ಡಮ್ಮ ಲ್ಯಾಬಿನವರು. ಮೂತ್ರ ಒಂದ್ಸಲ ಪರೀಕ್ಷೆ ಮಾಡ್ಸಿ ಅಂತ ನಿಮ್ಮ ಮನೇಲಿ ಒಬ್ಬರಿಗೂ ಅನ್ನಿಸಲಿಲ್ವಾ?"

ಈ ಪ್ರಶ್ನೆಗಾಗಿ ದೊಡ್ಡ ಸೊಸೆ ಎರಡು ವರ್ಷ ಕಾದಿದ್ದಳು. ಎಷ್ಟೋ ಸಲ ಬಟ್ಟೆ ಒಗೆಯುತ್ತ, ಬಸ್ಸಿಗೆ ನಿಂತು, ಇದರ ಉತ್ತರವನ್ನು ಮನಸ್ಸಿನಲ್ಲೇ ಹೇಳಿ ಹೇಳಿ ರುಚಿ ನೋಡಿದ್ದಳು. ಈಗ ಅದು ನಾಲಿಗೆಯ ಮೇಲೆ ಬಂದು ಕೂತಾಗ ರುಚಿಯೇ ಇರಲಿಲ್ಲ. ಪಕ್ಕದಲ್ಲಿ ಕೂತವಳ ಕೈ ಸೀರೆಯ ಸೆರಗನ್ನು ಹಿಂಡುತ್ತಿತ್ತು.

"ಯಾರಿಗೂ ಹೊಳೀಲಿಲ್ಲ ಸರ್" ಎಂದಳು.

"ಇವರು ಹೇಳಿದ್ರು" ಎಂದಳು ಚಿಕ್ಕ ಸೊಸೆ. "ಎರಡು ವರ್ಷದ ಹಿಂದೇನೇ ಹೇಳಿದ್ರು ಸರ್. ನಾನೇ ಕೇಳಲಿಲ್ಲ."

ಡಾಕ್ಟರು ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿ, ಏನೂ ಅರ್ಥವಾಗದೆ, ಔಷಧದ ಚೀಟಿ ಬರೆದು ಕೊಟ್ಟರು.

ಹೊರಗೆ ಬಂದಾಗ ದೊಡ್ಡ ಸೊಸೆಯ ಮನಸ್ಸು ಎಷ್ಟೋ ಹಗುರಾಗಿತ್ತು. ತಾನು ಅವಳನ್ನು ಬಿಟ್ಟುಕೊಡಲಿಲ್ಲ, ಅವಳೂ ನಿಜ ಒಪ್ಪಿದಳು. ಇನ್ನೇನು ಉಳಿಯಿತು ಎನ್ನಿಸಿತು ಅವಳಿಗೆ. ಅವಳು ಚೀಟಿಗೆ ಕೈ ಚಾಚಿ, "ಕೊಡು, ಔಷಧ ನಾನು ತರ್ತೀನಿ. ಹೋಗ್ಲಿ ಬಿಡು, ಇಬ್ಬರದೂ ತಪ್ಪಿದೆ" ಎಂದಳು.

ಚಿಕ್ಕ ಸೊಸೆ ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡಳು. "ಇಬ್ಬರದೂ ಅಂತ ಸೇರಿಸ್ಕೋಬೇಡ" ಎಂದಳು. ಎರಡು ವರ್ಷ ಮಾತು ಬಿಟ್ಟಿದ್ದಾಗಲೂ ಬಿಡದಿದ್ದ ನೀವು ಅನ್ನುವುದನ್ನು ಈಗ ಬಿಟ್ಟಿದ್ದಳು. "ನಾನು ಏನೂ ಆಗಿಲ್ಲ ಅಂದ್ಕೊಂಡು ಸುಮ್ನಿದ್ದೆ. ಸೊಕ್ಕು ಅನ್ನು, ಒಪ್ಕೋತೀನಿ. ಸಾಯೋವರೆಗೂ ಅದು ನಂಗೆ ಇದ್ದೇ ಇರತ್ತೆ. ಆದ್ರೆ ನಿಂಗೆ ಅನುಮಾನ ಮೊದ್ಲಿಂದ ಇತ್ತು. ಜ್ವರ ನೋಡಿ ಹೇಳಿದ್ದು ನೀನೇ. ಅನುಮಾನ ಇದ್ದೋಳು ಅವಳನ್ನ ಮುಂದೆ ನಿಲ್ಲಿಸ್ಕೊಂಡು ಸುಳ್ಳು ಬರೆದೆ. ನಾನು ಗೊತ್ತಿಲ್ದೆ ಮಾಡ್ದೆ. ನೀನು ಗೊತ್ತಿದ್ದೂ ಮಾಡ್ದೆ."

ದೊಡ್ಡ ಸೊಸೆ ಚೀಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಚಿಕ್ಕ ಸೊಸೆ ಹೇಳಿದ್ದು ನಿಜವಾಗಿತ್ತು, ಒಂದು ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

ಚೋಟು ತೂಕದ ಯಂತ್ರದಿಂದ ಇಳಿದು ಓಡಿಬಂದು ತಾಯಿಯ ಕೈ ಹಿಡಿದಳು. ಔಷಧ ಕೊಡುವ ಕಿಟಕಿಯ ಕಡೆ ನಾಲ್ಕು ಹೆಜ್ಜೆ ಹೋದವಳು ತಿರುಗಿ ನೋಡಿದಳು.

"ದೊಡ್ಡಮ್ಮ ಬರಲ್ವಾ?"

"ಇಲ್ಲ" ಎಂದಳು ತಾಯಿ. "ಅವರಿಗೆ ಕೆಲಸ ಇದೆ."